ಕೂಸಿನ ಹಕ್ಕನ್ನು ರಾಜಿಗೆ ಮಾರುವವರು ಯಾರು?

ಹೆರಿಗೆಯ ಕೋಣೆಯಲ್ಲಿ ಅಜಾಗ್ರತೆಯಿಂದ ಕೂಸಿಗೆ ಊನವಾಯಿತೆಂದರೆ ನಮ್ಮ ಕಾರ್ಮಿಕ ಬಂಧುಗಳ ನಡುವೆ ಮೂರು ಬಗೆಯ ಉಪದೇಶಕರು ತಪ್ಪದೆ ಹಾಜರಾಗುತ್ತಾರೆ. ಒಬ್ಬರು "ಹಣೆಬರಹಕ್ಕೆ ಹೊಣೆ ಯಾರು?" ಎನ್ನುತ್ತಾರೆ. ಎರಡನೆಯವರು "ಬಡವನ ಸಿಟ್ಟು ದವಡೆಗೆ ಮೂಲ, ದೊಡ್ಡವರ ಮೇಲೆ ಕೋರ್ಟು ಕಚೇರಿ ನಮಗೇಕೆ?" ಎಂದು ಹೆದರಿಸುತ್ತಾರೆ. ಮೂರನೆಯವರು ಆಸ್ಪತ್ರೆಯ ಆಫೀಸಿಗೂ ತಂದೆಗೂ ನಡುವೆ ಓಡಾಡಿ, "ಬಿಲ್ಲಿನಲ್ಲಿ ಇಷ್ಟು ಬಿಟ್ಟಿದ್ದಾರೆ, ಕೈಗೆ ಇಷ್ಟು ಕೊಡುತ್ತಾರೆ, ಇಲ್ಲೊಂದು ಸಹಿ ಹಾಕಿಬಿಡು ಮಾರಾಯ" ಎಂದು ಕಾಗದ ಚಾಚುತ್ತಾರೆ. ಈ ಮೂವರ ಮಾತನ್ನೂ ನಾವು ಖಂಡಿಸುತ್ತೇವೆ. ಮೂರನೆಯವರದನ್ನು ಎಲ್ಲಕ್ಕಿಂತ ಹೆಚ್ಚಾಗಿ ಖಂಡಿಸುತ್ತೇವೆ.

ಮೊದಲು ನ್ಯಾಯದ ಮಾತನ್ನು ಆಡಿಬಿಡೋಣ. ಕೂಸಿಗಾದ ಪ್ರತಿಯೊಂದು ಕೇಡೂ ವೈದ್ಯರ ತಪ್ಪಲ್ಲ. ದಿನ ತುಂಬದ ಹೆರಿಗೆ, ಗರ್ಭದಲ್ಲೇ ತಗುಲಿದ ರೋಗ, ಹುಟ್ಟಿನಿಂದ ಬಂದ ದೋಷ, ಇವು ಎಷ್ಟು ಎಚ್ಚರವಿದ್ದರೂ ಬರಬಹುದು. ರಾತ್ರಿಯೆಲ್ಲಾ ನಿದ್ದೆಗೆಟ್ಟು ಎರಡು ಜೀವ ಉಳಿಸುವ ವೈದ್ಯರೂ ದಾದಿಯರೂ ನಮ್ಮಂತೆಯೇ ದುಡಿಯುವವರು. ಕಾಯಿದೆ ಕೇಳುವ ಪ್ರಶ್ನೆ ಇಷ್ಟೇ: ಆ ಕಸುಬಿನಲ್ಲಿ ಸಾಧಾರಣ ತಿಳಿವಳಿಕೆಯುಳ್ಳ ವೈದ್ಯನು ಅಂಥ ಹೊತ್ತಿನಲ್ಲಿ ವಹಿಸತಕ್ಕ ಎಚ್ಚರವನ್ನು ಇವರು ವಹಿಸಿದರೇ, ಇಲ್ಲವೇ? ನೋವು ಶುರುವಾದ ಮೇಲೆ ಕೂಸಿನ ಎದೆಬಡಿತ ನೋಡದೆ ಬಿಟ್ಟದ್ದು, ಶಸ್ತ್ರಕ್ರಿಯೆ ಬೇಕೆಂದು ತಿಳಿದೂ ಗಂಟೆಗಟ್ಟಲೆ ತಡಮಾಡಿದ್ದು, ಕಾಮಾಲೆ ಏರುತ್ತಿದ್ದರೂ ರಕ್ತ ಪರೀಕ್ಷಿಸದೆ ಇದ್ದದ್ದು, ಒಂದು ಮದ್ದಿನ ಬದಲು ಇನ್ನೊಂದನ್ನು ಚುಚ್ಚಿದ್ದು, ಇವನ್ನೆಲ್ಲಾ ಬ್ರಹ್ಮನ ತಲೆಗೆ ಕಟ್ಟುವುದು ಯಾವ ಧರ್ಮ?

ಚೆನ್ನೈಯ ಎಗ್ಮೋರಿನ ಸರ್ಕಾರಿ ಆಸ್ಪತ್ರೆಯಲ್ಲಿ 1996ರ ಆಗಸ್ಟಿನಲ್ಲಿ ಒಂದು ಹೆಣ್ಣುಕೂಸು 29ನೆಯ ವಾರಕ್ಕೇ ಹುಟ್ಟಿತು. ತೂಕ 1250 ಗ್ರಾಂ. ಇಂಥ ಕೂಸುಗಳ ಕಣ್ಣಿನ ಹಿಂಪದರ ಕೆಡುವ ಭಯವಿರುವುದರಿಂದ ಹುಟ್ಟಿದ ಮೊದಲ ತಿಂಗಳೊಳಗೆ ಕಣ್ಣು ಪರೀಕ್ಷಿಸಬೇಕು. ಆಸ್ಪತ್ರೆಯವರು ಪರೀಕ್ಷೆಯನ್ನೂ ಮಾಡಲಿಲ್ಲ, ತಂದೆತಾಯಿಗೆ ಎಚ್ಚರಿಕೆಯನ್ನೂ ಹೇಳಲಿಲ್ಲ. ಮಗು ಕುರುಡಾಯಿತು. ರಾಷ್ಟ್ರೀಯ ಗ್ರಾಹಕ ಆಯೋಗವು 5 ಲಕ್ಷ ರೂಪಾಯಿ ಕೊಡಿಸಿತು. ತಂದೆ ಅಷ್ಟಕ್ಕೆ ಸುಮ್ಮನಾಗಲಿಲ್ಲ. 2015ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಆಗಿಹೋದ ಖರ್ಚು, ಮುಂದಿನ ಖರ್ಚು ಎರಡೂ ಸೇರಿ ಸುಮಾರು 1 ಕೋಟಿ 80 ಲಕ್ಷ ರೂಪಾಯಿ ಕೊಡಬೇಕೆಂದು ತೀರ್ಪಿತ್ತಿತು. ಹತ್ತೊಂಬತ್ತು ವರ್ಷ ಹಿಡಿಯಿತು, ನಿಜ. ಆ ವಿಳಂಬ ನಮ್ಮ ನ್ಯಾಯವ್ಯವಸ್ಥೆಗೆ ಶೋಭೆಯಲ್ಲ. ಆದರೆ ಆ ತಂದೆ ಮೊದಲ ದಿನವೇ ಹಣೆಬರಹವೆಂದು ಕೈಕಟ್ಟಿ ಕುಳಿತಿದ್ದರೆ ಆ ಮಗಳ ಪಾಲಿಗೆ ಏನು ಉಳಿಯುತ್ತಿತ್ತು?

"ಧರ್ಮಾಸ್ಪತ್ರೆಯಲ್ಲಿ ಪುಕ್ಕಟೆ ನೋಡಿದರು, ಕೇಳುವ ಬಾಯಿ ನಮಗೆಲ್ಲಿ?" ಎನ್ನುವವರಿದ್ದಾರೆ. ಇ.ಎಸ್.ಐ. ಆಸ್ಪತ್ರೆ ಪುಕ್ಕಟೆಯೇ? 2019ರ ಜುಲೈಯಲ್ಲಿ ನಿಗದಿಯಾದಂತೆ ಕೆಲಸಗಾರನ ಕೂಲಿಯಿಂದ ನೂರಕ್ಕೆ 0.75, ಮಾಲೀಕನಿಂದ ನೂರಕ್ಕೆ 3.25 ಅಲ್ಲಿಗೆ ಸಂದಾಯವಾಗುತ್ತದೆ. ಆದ್ದರಿಂದ ಇ.ಎಸ್.ಐ. ಚಿಕಿತ್ಸೆ ದಾನವಲ್ಲವೆಂದೂ ಕಾರ್ಮಿಕನು ಗ್ರಾಹಕ ಕಾಯಿದೆಯ ಪ್ರಕಾರ ದೂರಬಹುದೆಂದೂ ಸುಪ್ರೀಂ ಕೋರ್ಟು 2007ರಲ್ಲಿ ಸ್ಪಷ್ಟಪಡಿಸಿತು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಗೂ ಅದೇ ಹಕ್ಕುಂಟೆಂದು 1995ರಲ್ಲೇ ಹೇಳಿತ್ತು. ಎಲ್ಲರಿಗೂ ಉಚಿತವಾದ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾಯಿದೆಗೆ ಹೊರಗಾದರೂ ಸಿವಿಲ್ ಕೋರ್ಟಿಗೆ ಹೊರಗಲ್ಲ. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ನಂತರದ ಶಸ್ತ್ರಕ್ರಿಯೆಯಲ್ಲಿ ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಬಾಣಂತಿಯೊಬ್ಬಳು ಸತ್ತಳು. ಅದಕ್ಕೆ ಮಹಾರಾಷ್ಟ್ರ ಸರ್ಕಾರವೇ ಹೊಣೆಯೆಂದು 1996ರಲ್ಲಿ ತೀರ್ಪಾಯಿತು.

ಹಾಗಾದರೆ ಹೋಗಬೇಕಾದ ಬಾಗಿಲುಗಳು ಯಾವುವು? ಒಂದು, ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆಯಂತೆ ಎರಡು ವರ್ಷದೊಳಗೆ ದೂರು ಕೊಡತಕ್ಕದ್ದು. ಆಸ್ಪತ್ರೆಗೆ ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ನಮ್ಮವರು ಮುಖ್ಯವಾಗಿ ತಿಳಿಯಬೇಕಾದದ್ದು ಇನ್ನೊಂದಿದೆ: ದೂರು ಕೊಡುವವನು ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ದಾಖಲಿಸಬಹುದು. ಹೆಂಡತಿ ಹೆರಿಗೆಗೆ ತವರಿನ ಕುಂದಾಪುರಕ್ಕೆ ಹೋಗಿದ್ದರೂ ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಗಂಡ ಮುಂಬಯಿಯಲ್ಲೇ ದೂರು ಕೊಡಬಹುದು. ತಂದೆತಾಯಿಗೂ ಮಗುವಿಗೂ ಬೇರೆಬೇರೆಯಾಗಿ ಪರಿಹಾರ ಸಲ್ಲುತ್ತದೆಂಬುದೂ 1998ರಲ್ಲಿ ತೀರ್ಮಾನವಾಗಿದೆ. ಆ ಮೊಕದ್ದಮೆಯಲ್ಲಿ ತಪ್ಪು ಇಂಜೆಕ್ಷನಿನಿಂದ ಮೆದುಳು ಕೆಟ್ಟ ಮಗುವಿಗೆ ಹನ್ನೆರಡೂವರೆ ಲಕ್ಷ, ತಂದೆತಾಯಿಗೆ 5 ಲಕ್ಷ ದೊರೆಯಿತು.

ಎರಡು, ಸಿವಿಲ್ ಕೋರ್ಟು. ಅಲ್ಲಿ ಮಗುವಿನ ಸ್ವಂತ ಹಕ್ಕು ಅದು ಪ್ರಾಯಕ್ಕೆ ಬರುವ ತನಕ ಕಾಲಹರಣದಿಂದ ಅಳಿಯುವುದಿಲ್ಲ. ಹಾಗೆಂದು ಕಾಯುವುದು ಜಾಣತನವಲ್ಲ. ಹಕ್ಕು ಉಳಿದರೂ ಪುರಾವೆ ಉಳಿಯುವುದಿಲ್ಲ. ಮೂರು, ರಾಜ್ಯದ ವೈದ್ಯಕೀಯ ಪರಿಷತ್ತು. ಅದು ವೈದ್ಯರ ಹೆಸರನ್ನು ಪಟ್ಟಿಯಿಂದ ತೆಗೆಯಬಲ್ಲದು, ಹಣ ಕೊಡಿಸಲಾರದು. ನಾಲ್ಕು, ಪೊಲೀಸ್ ಠಾಣೆ. ಆದರೆ ಕ್ರಿಮಿನಲ್ ಮೊಕದ್ದಮೆಗೆ ಘೋರ ಅಜಾಗ್ರತೆ ಇರಬೇಕೆಂದೂ ಪೊಲೀಸರು ಮೊದಲು ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕೆಂದೂ 2005ರ ತೀರ್ಪು ವಿಧಿಸಿದೆ. ವಕೀಲರಿಗೆ ಹಣವಿಲ್ಲವೆಂಬ ಚಿಂತೆ ಬೇಡ. ಹೆಂಗಸರಿಗೂ ಮಕ್ಕಳಿಗೂ ಕೈಗಾರಿಕೆಯ ಕಾರ್ಮಿಕರಿಗೂ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯಿದೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಕೊಟ್ಟರಾಯಿತು; 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ಯಾವ ಬಾಗಿಲು ತಟ್ಟುವುದಕ್ಕೂ ಕೈಯಲ್ಲಿ ಕಾಗದವಿರಬೇಕು. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂಬುದು ವೈದ್ಯರಿಗೇ ವಿಧಿಸಿದ 2002ರ ನಿಯಮ. ಕೇಸ್ ಪೇಪರು, ಹೆರಿಗೆ ನೋವಿನ ಹೊತ್ತಿನ ಚಾರ್ಟು, ಕೂಸಿನ ಐ.ಸಿ.ಯು. ಟಿಪ್ಪಣಿ, ಬಿಡುಗಡೆಯ ಚೀಟಿ, ಇವೆಲ್ಲದರ ನಕಲು ಬೇಕೆಂದು ಬರೆದು ಕೊಡಿ. ಕೊಟ್ಟದ್ದಕ್ಕೆ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬೆಲೆಯಿಲ್ಲ.

ಇನ್ನು ರಾಜಿಯ ದಲ್ಲಾಳಿಗಳಿಗೆ ನಮ್ಮ ಪ್ರಶ್ನೆ. ಕೋರ್ಟಿನಲ್ಲಿರುವ ದಾವೆಯಲ್ಲಿ ಕೂಡ ಅಪ್ರಾಪ್ತ ಮಗುವಿನ ಪರವಾಗಿ ಕೋರ್ಟಿನ ಅಪ್ಪಣೆಯಿಲ್ಲದೆ ರಾಜಿಯಾಗಕೂಡದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ನ್ಯಾಯಾಧೀಶರೇ ಹೀಗೆ ಎಚ್ಚರ ವಹಿಸುವಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕೂಸಿನ ಇಡೀ ಬಾಳಿಗೆ ಬೆಲೆ ಕಟ್ಟಲು ನೀವು ಯಾರು? ನಡೆಯಲಾರದ ಮಗುವನ್ನು ಮುಂದೆ ಮೂವತ್ತು ನಲವತ್ತು ವರ್ಷ ಎತ್ತಿ ಸಾಕುವ ತಾಯಿಗೆ ನಿಮ್ಮ ಹತ್ತಿಪ್ಪತ್ತು ಸಾವಿರ ಎಷ್ಟು ತಿಂಗಳಿಗೆ ಸಾಕು?

ಬಿಸಿರಕ್ತದ ತರುಣರಿಗೂ ಒಂದು ಮಾತು. ಗಾಜು ಒಡೆದು ವೈದ್ಯರ ಮೇಲೆ ಕೈಮಾಡುವುದು ಪೌರುಷವಲ್ಲ. ಮಹಾರಾಷ್ಟ್ರದ 2010ರ ಕಾಯಿದೆಯಂತೆ ಅದಕ್ಕೆ ಮೂರು ವರ್ಷದವರೆಗೆ ಜೈಲು, ಹಾಳಾದ ಸೊತ್ತಿಗೆ ಎರಡು ಪಟ್ಟು ದಂಡ. ತಂದೆ ಲಾಕಪ್ಪಿನಲ್ಲಿದ್ದರೆ ಕೂಸಿನ ಕಾಗದ ಕೇಳುವವರು ಯಾರು?

ನಮ್ಮ ಸಂಘಗಳು ಕೂಲಿಗಾಗಿ, ಬೋನಸ್ಸಿಗಾಗಿ ಹೋರಾಡಿದವು. ಮಿಲ್ಲುಗಳು ಮುಚ್ಚಿದಾಗ ಹಸಿದ ಮನೆಗಳಿಗೆ ಆಸರೆಯಾಗಿ ನಿಲ್ಲಬೇಕಾದದ್ದೂ ಸಂಘಗಳೇ. ಈ ಹೊಣೆಯನ್ನೂ ಅವು ಹೊರಬೇಕೆಂಬುದು ನಮ್ಮ ಒತ್ತಾಯ. ಊರಿನಿಂದ ಬಂದು ಮರಾಠಿಯೂ ಇಂಗ್ಲಿಷೂ ಬಾರದ ಹೋಟೆಲ್ ಹುಡುಗನೊಡನೆ ಆ ಮೊದಲ ಮೂರು ದಿನದೊಳಗೆ ಅರ್ಜಿ ಬರೆಯಬಲ್ಲ ಒಬ್ಬ ಸದಸ್ಯ ಆಸ್ಪತ್ರೆಗೆ ಹೋಗಲಿ. ಪ್ರತಿ ಶಾಖೆಯೂ ಅಂಥ ಇಬ್ಬರನ್ನು ಇಂದೇ ನೇಮಿಸಲಿ. ಬಂಧುಗಳೇ, ಓದದ ಕಾಗದಕ್ಕೆ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿರಿ. ಮಾತು ಬಾರದ ಕೂಸಿನ ಪರವಾಗಿ ನಾವು ಮಾತಾಡದಿದ್ದರೆ ಇನ್ನಾರು ಮಾತಾಡಿಯಾರು?