ಬರೀ ಬೂರೆ ನುಡಿಸಿದ್ರೆ ಸಾಕಾ?

ಜಯನಗರ, ಜೆಪಿ ನಗರ, ಬನಶಂಕರಿ ಕಡೆ ಕ್ಲಾಸಿಕಲ್ ಗಿಟಾರ್ ಹೇಳಿಕೊಡೋ ಜಾಗಗಳ ಮುಂದೆ ಓಡಾಡ್ತಿದ್ರೆ ಇವತ್ತಲ್ಲ ನಾಳೆ ಬಾಕ್‌ನ ಇ ಮೈನರ್ ‘ಬೂರೆ’ ಕಿವಿಗೆ ಬಿದ್ದೇ ಬೀಳುತ್ತೆ. ಹೆಚ್ಚೂಕಡಿಮೆ ಎರಡು ನಿಮಿಷದ ತುಣುಕು. ಪರೀಕ್ಷೆಗೆ ಅದೇ, ಅಪಾರ್ಟ್‌ಮೆಂಟ್ ಫಂಕ್ಷನ್ನಿಗೆ ಅದೇ, ರೀಲ್ಸಿಗೂ ಅದೇ. ಗ್ರೇಡ್ ಪಾಸಾಯ್ತು, ಸರ್ಟಿಫಿಕೇಟು ಗೋಡೆ ಹತ್ತಿತು, ಬಾಕ್ ಮುಗಿದ. ನನ್ನ ತಕರಾರು ಇರೋದು ಇಲ್ಲೇ.

ಬೂರೆ ಒಂಟಿ ಪೀಸ್ ಅಲ್ಲ ಸ್ವಾಮಿ. ಲ್ಯೂಟ್ ವಾದ್ಯದ ಹೆಸರಲ್ಲಿ ನಮಗೆ ಬಂದಿರೋ ಒಂದು ಸ್ವೀಟ್‌ನ ಐದನೇ ಭಾಗ ಅದು. ಮೊದಲು ಪ್ರಿಲ್ಯೂಡ್, ಆಮೇಲೆ ಆಲ್ಮಾಂಡ್, ಕುರಾಂಟ್, ಸಾರಾಬಾಂಡ್, ಬೂರೆ, ಕೊನೆಗೆ ಜೀಗ್. ಪ್ರಿಲ್ಯೂಡ್ ಬಿಟ್ಟರೆ ಐದೂ ಕುಣಿತದ ಹೆಸರುಗಳು. ಬಾಕ್ ಬರೆದದ್ದು ಮಾತ್ರ ಕೂತು ಕೇಳೋದಕ್ಕೆ. ನಮಗೇನು ಇದು ಹೊಸದಾ? ತಿಲ್ಲಾನ ಭರತನಾಟ್ಯದಲ್ಲೂ ಇದೆ, ಕಚೇರಿಯಲ್ಲೂ ಇದೆ. ಕಚೇರಿಯಲ್ಲಿ ಯಾರೂ ಎದ್ದು ಕುಣಿಯಲ್ಲ. ಆದರೆ ವರ್ಣ, ರಾಗ, ತಾನ, ಪಲ್ಲವಿ ಎಲ್ಲ ಬಿಟ್ಟು ತಿಲ್ಲಾನ ಒಂದನ್ನೇ ಹಾಡಿ ಎದ್ದು ಹೋದ್ರೆ ಅದನ್ನ ಕಚೇರಿ ಅಂತೀರಾ? ಸಾರಾಬಾಂಡ್‌ನ ನಿಧಾನವನ್ನು ಕೂತು ಕೇಳಿದ ಮೇಲೇ ಬೂರೆಯ ಚುರುಕು ನಡಿಗೆಯ ರುಚಿ ಗೊತ್ತಾಗೋದು.

ಆಫೀಸ್ ಮುಗಿಸಿ ಗಿಟಾರ್ ಕಲಿಯೋಕೆ ಹೋಗ್ತಿದ್ದ ಜಾಗದಲ್ಲಿ, ಉಳಿದ ಐದು ಭಾಗ ಹೇಳಿಕೊಡ್ತೀರಾ ಅಂತ ಕೇಳಿದೆ. “ಸಿಲಬಸ್ಸಲ್ಲಿ ಇಲ್ಲ ಸರ್” ಅನ್ನೋ ಉತ್ತರ ಸಿಕ್ತು. ಸಿಲಬಸ್ ಪರೀಕ್ಷೆಗೆ ಏನು ಬೇಕು ಅಂತ ಹೇಳುತ್ತೆ. ಬೇರೇನೂ ಕೇಳಬೇಡಿ ಅಂತ ಎಲ್ಲೂ ಹೇಳಲ್ಲ.

“ಅದು ಗಿಟಾರಿಗೆ ಬರೆದದ್ದೇ ಅಲ್ಲವಲ್ಲ, ಪೂರ್ತಿ ಯಾಕೆ?” ಅನ್ನೋರಿದ್ದಾರೆ. ಹೌದು, ಅಲ್ಲ. ಹಳೆಯ ಪ್ರತಿಯೊಂದರ ಮೇಲೆ ‘ಲಾಟನ್‌ವೆರ್ಕ್’ ಅಂತಿದೆ, ಅಂದ್ರೆ ಲ್ಯೂಟ್ ಥರ ದನಿ ಕೊಡೋ, ಮನೆಗಳನ್ನು ಒತ್ತಿ ನುಡಿಸೋ ವಾದ್ಯ. ಬಾಕ್ ಸತ್ತಾಗ ಅವನ ಮನೆಯಲ್ಲಿ ಅಂಥವು ಎರಡಿದ್ದವು. ಬೂರೆ ಗಿಟಾರಿಗೆ ಒಗ್ಗುತ್ತೆ ಅಂದ್ರೆ ಸಾರಾಬಾಂಡ್ ಯಾಕೆ ಒಗ್ಗಲ್ಲ? ಅಪ್ಪಟ ಲ್ಯೂಟ್ ಸಂಗೀತವೇ ಬೇಕಾ, ಸಿಲ್ವಿಯಸ್ ಲಿಯೋಪೋಲ್ಡ್ ವೈಸ್ ಇದ್ದಾನೆ. ಡ್ರೆಸ್ಡನ್ ಆಸ್ಥಾನದ ಲ್ಯೂಟ್ ವಿದ್ವಾಂಸ, ಈ ಒಂದೇ ವಾದ್ಯಕ್ಕೆ ನೂರಾರು ರಚನೆ ಬರೆದವನು. 1739ರಲ್ಲಿ ಬಾಕ್‌ನನ್ನು ಲೈಪ್ಜಿಗ್‌ನಲ್ಲಿ ಭೇಟಿ ಮಾಡಿದ್ದ. ಇಬ್ಬರೂ ತೀರಿಕೊಂಡಿದ್ದು 1750ರಲ್ಲಿ. ಗ್ರೇಡ್ ಎಂಟು ಮುಗಿಸಿದ ಎಷ್ಟು ಜನಕ್ಕೆ ಈ ಹೆಸರು ಗೊತ್ತು, ಕೇಳಿ ನೋಡಿ.

ಇನ್ನು “ಟೈಮಿಲ್ಲ” ಅನ್ನೋರಿಗೆ: ಇಡೀ ಸ್ವೀಟ್ ಮುಗಿಯೋಕೆ ಸುಮಾರು 20 ನಿಮಿಷ. ಬಿಟಿಎಂನಿಂದ ಸಿಲ್ಕ್ ಬೋರ್ಡ್ ದಾಟೋ ಅಷ್ಟರಲ್ಲಿ ಎರಡು ಸಲ ಕೇಳಬಹುದು.

ಪಾಶ್ಚಾತ್ಯ ಸಂಗೀತ ನಮಗ್ಯಾಕೆ ಅನ್ನೋ ಮಾತಂತೂ ಜಯನಗರದಲ್ಲಿ ನಿಂತು ಆಡಬೇಡಿ. ಈ ಬಡಾವಣೆಗೆ ಹೆಸರು ಬಂದಿದ್ದು ಜಯಚಾಮರಾಜ ಒಡೆಯರಿಂದ ಅಂತಾರೆ. ಅವರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು. ಲಂಡನ್‌ನಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್‌ನ ರಚನೆಗಳನ್ನು ರೆಕಾರ್ಡ್ ಮಾಡಿಸೋಕೆ ದುಡ್ಡು ಕೊಟ್ಟವರೂ ಅವರೇ. ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಎರಡೂ ಸಂಗೀತವನ್ನು ಅವರು ಒಲಿಸಿಕೊಂಡಿದ್ದು ತುಣುಕಲ್ಲಿ ಅಲ್ಲ.

ಹಾಗಾಗಿ ಫೀಸ್ ಕಟ್ಟೋ ಅಪ್ಪ ಅಮ್ಮಂದಿರಿಗೆ, ನನ್ನ ಹಾಗೆ ಲೇಟಾಗಿ ಗಿಟಾರ್ ಹಿಡಿದ ಟೆಕ್ಕಿಗಳಿಗೆ ಒಂದೇ ಮಾತು. ಮುಂದಿನ ಸಲ ಮೇಷ್ಟ್ರನ್ನ “ಗ್ರೇಡ್ ಯಾವಾಗ?” ಅನ್ನೋ ಬದಲು “ಪೂರ್ತಿ ಸ್ವೀಟ್ ಯಾವಾಗ?” ಅಂತ ಕೇಳಿ. ಆರು ಭಾಗ, ಆರು ವಿದ್ಯಾರ್ಥಿಗಳು ಹಂಚಿಕೊಂಡು ನುಡಿಸಲಿ. ಮಾರ್ಕ್ಸ್ ಯಾರೂ ಕೊಡಬೇಕಾಗಿಲ್ಲ.