ಜಾಲವನ್ನು ಬಲ್ಲವರಿಗೊಂದು ಪೀಠ

ನಮ್ಮ ಸಂಘಕ್ಕೆ ‘.ಭಾರತ’ ಎಂದು ಕೊನೆಗೊಳ್ಳುವ, ಆದ್ಯಂತ ಕನ್ನಡ ಲಿಪಿಯಲ್ಲೇ ಇರುವ ಇಂಟರ್ನೆಟ್ ವಿಳಾಸ ದೊರೆತಾಗ ಪರಊರಿನ ಬೀದಿಯಲ್ಲಿ ಕನ್ನಡದ ಫಲಕ ತೂಗುಹಾಕಿದಷ್ಟೇ ಸಂತೋಷವಾಗಿತ್ತು. ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ರಾಜ್ಯೋತ್ಸವಕ್ಕೆ ಸಭಾಂಗಣ ಕಾದಿರಿಸಲು ಕಚೇರಿಯೊಂದರ ಗಣಕದ ಅರ್ಜಿಯಲ್ಲಿ ನಾನು ಆ ವಿಳಾಸವನ್ನು ತುಂಬಿದಾಗ ‘ವಿಳಾಸ ಸರಿಯಿಲ್ಲ’ ಎಂಬ ಉತ್ತರ ಬಂತು. ಮೂರು ಸಲ ಪ್ರಯತ್ನಿಸಿ, ಕಡೆಗೆ ರೋಮನ್ ಅಕ್ಷರಗಳ ಹಳೆಯ ವಿಳಾಸವನ್ನೇ ಕೊಟ್ಟು ಬಂದೆ. ಹೊರನಾಡಿನಲ್ಲಿ ಹೆಸರನ್ನು ತಪ್ಪಾಗಿ ಬರೆಸಿಕೊಂಡು ಸುಮ್ಮನಾಗುವುದು ನಮಗೆ ಹೊಸದಲ್ಲ. ಆದರೆ ಈ ಸಲ ತಪ್ಪು ಎಲ್ಲಿದೆಯೆಂದು ತಿಳಿಯುವ ಹಟ ಹುಟ್ಟಿತು.

ಸಂಘದ ತರುಣ ಸದಸ್ಯರೊಬ್ಬರು, ವೃತ್ತಿಯಿಂದ ಜಾಲ ಎಂಜಿನಿಯರರು, ಹತ್ತು ನಿಮಿಷದಲ್ಲಿ ವಿಷಯವನ್ನು ಬಿಡಿಸಿಟ್ಟರು. ಜಗತ್ತಿನ ಹೆಸರುಗಳ ಮೂಲಪಟ್ಟಿಯಲ್ಲಿ ನಮ್ಮ ‘ಭಾರತ’ ಸರಿಯಾಗಿಯೇ ಇದೆ. ಕೆಟ್ಟಿರುವುದು ಅರ್ಜಿಯನ್ನು ಸಿದ್ಧಪಡಿಸಿದವರ ಲೆಕ್ಕಾಚಾರ. ವಿಳಾಸವೆಂದರೆ ರೋಮನ್ ಲಿಪಿ ಮಾತ್ರವೆಂದು ಅವರು ಭಾವಿಸಿದ್ದರು. ನಾನು ಯಾರ ಮೇಲೋ ಕೂಗಾಡಲು ಹೊರಟಿದ್ದೆ. ಕೂಗಬೇಕಾದ ಬಾಗಿಲು ಬೇರೆಯಿತ್ತು. ಇಂದಿನ ನನ್ನ ವಾದಕ್ಕೆ ಈ ಸಣ್ಣ ಪ್ರಸಂಗವೇ ಬುನಾದಿ.

ಆ ಮೂಲಪಟ್ಟಿಯ ಹೊಣೆಯನ್ನು ಬಹುಕಾಲ ಹೊತ್ತಿದ್ದವರು ಜಾನ್ ಪೋಸ್ಟೆಲ್ ಎಂಬ ಅಮೆರಿಕದ ಗಣಕ ವಿಜ್ಞಾನಿ. ಅವರು ತೀರಿಕೊಂಡ 1998ರಲ್ಲಿಯೇ ಕ್ಯಾಲಿಫೋರ್ನಿಯಾದಲ್ಲಿ ‘ಐಕಾನ್’ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. 2016ರ ಅಕ್ಟೋಬರ್ 1ರಿಂದ ಅಮೆರಿಕ ಸರಕಾರದ ಮೇಲುಸ್ತುವಾರಿಯೂ ಕೊನೆಗೊಂಡಿತು. ಈಗ ಅದರ ಆಡಳಿತ ಮಂಡಳಿಯಲ್ಲಿ ಮತದ ಹಕ್ಕುಳ್ಳವರು 16 ಮಂದಿ. ಅವರಲ್ಲಿ ಸಾಮಾನ್ಯ ಬಳಕೆದಾರರ ಸಮುದಾಯ ಆರಿಸಿ ಕಳಿಸುವುದು ಒಬ್ಬರನ್ನು ಮಾತ್ರ. ನಿಮ್ಮ, ನನ್ನ ಪಾಲಿಗೆ ಬಂದ ಪೀಠ ಆ ಒಂದೇ. ಅದು ತೆರವಾದಾಗಲೆಲ್ಲ ಅನುಭವಿ ಜಾಲ ಎಂಜಿನಿಯರರಿಗೆ ಸಲ್ಲಬೇಕೆಂಬುದು ನನ್ನ ಸ್ಪಷ್ಟ ನಿಲುವು.

ಇದಕ್ಕೆ ಇತಿಹಾಸದ ಬೆಂಬಲವಿದೆ. 2000ದಲ್ಲಿ ಐಕಾನ್ ಜಗತ್ತಿನ ಬಳಕೆದಾರರಿಂದಲೇ ನೇರವಾಗಿ ಐವರು ನಿರ್ದೇಶಕರನ್ನು ಆರಿಸಿಕೊಂಡಿತು. ಸುಮಾರು 34,000 ಜನ ಮತ ನೀಡಿದರು. ಆಫ್ರಿಕಾದಿಂದ ಗೆದ್ದವರು ಘಾನಾದ ನೀ ಕ್ವೇನರ್. ಇಂಟರ್ನೆಟ್ಟನ್ನು ತಮ್ಮ ನಾಡಿಗೆ ತರಲು ದುಡಿದವರು. ಮುಂದೆ ಆಫ್ರಿಕಾ ಖಂಡದ ವಿಳಾಸ ನೋಂದಣಿ ಸಂಸ್ಥೆಯ ಸ್ಥಾಪಕ ಅಧ್ಯಕ್ಷರಾದವರು. ಉತ್ತರ ಅಮೆರಿಕದಿಂದ ಗೆದ್ದ ಕಾರ್ಲ್ ಔರ್‌ಬಾಕ್ ಜಾಲ ಎಂಜಿನಿಯರರು, ಜೊತೆಗೆ ವಕೀಲರು. ನಿರ್ದೇಶಕನಾಗಿ ಸಂಸ್ಥೆಯ ದಾಖಲೆಪತ್ರಗಳನ್ನು ನೋಡಬೇಕೆಂದು ಅವರು ಕೇಳಿದಾಗ ಆಡಳಿತ ಷರತ್ತುಗಳನ್ನು ಒಡ್ಡಿತು. ಅವರು ನ್ಯಾಯಾಲಯದ ಮೆಟ್ಟಿಲೇರಿ 2002ರಲ್ಲಿ ಗೆದ್ದರು. ಆದರೆ ಅಂಥ ನೇರ ಚುನಾವಣೆಯನ್ನೇ ಮುಂದೆ ಕೈಬಿಡಲಾಯಿತು. ಉಳಿದಿರುವ ಒಂದು ಪೀಠದ ಬೆಲೆ ಇದರಿಂದಲೇ ತಿಳಿಯುತ್ತದೆ.

ಮಂಡಳಿಯ ಕೆಲಸ ಬರಿಯ ಠರಾವು ಪಾಸು ಮಾಡುವುದಲ್ಲ. ಮೂಲಪಟ್ಟಿಯ ಸಾಚಾತನಕ್ಕೆ ಮುದ್ರೆಯೊತ್ತುವ ಒಂದು ಗೂಢಲಿಪಿಯ ಕೀಲಿ 2010ರಿಂದ ಬಳಕೆಯಲ್ಲಿದೆ. ಅದನ್ನು ಮೊದಲ ಬಾರಿಗೆ ಬದಲಾಯಿಸಲು 2017ರ ಅಕ್ಟೋಬರ್ 11 ನಿಗದಿಯಾಗಿತ್ತು. ಹೊಸ ಕೀಲಿಗೆ ಇನ್ನೂ ಸಿದ್ಧವಾಗದ ಗಣಕಗಳು ಜಾಲದಲ್ಲಿವೆಯೆಂದು ಅಳತೆಗಳಿಂದ ಕಂಡುಬಂದಾಗ ಕೆಲಸವನ್ನು ಮುಂದೂಡಿದರು. ಮತ್ತೆ ಪರಿಶೀಲನೆ ನಡೆದು, ಮಂಡಳಿಯ ಒಪ್ಪಿಗೆ ದೊರೆತು, 2018ರ ಅಕ್ಟೋಬರ್ 11ರಂದು ಬದಲಾವಣೆ ದೊಡ್ಡ ಅನಾಹುತವಿಲ್ಲದೆ ಮುಗಿಯಿತು. ಅವಸರಪಟ್ಟಿದ್ದರೆ ಎಷ್ಟೋ ಜನರಿಗೆ ಯಾವ ತಾಣವೂ ತೆರೆಯುತ್ತಿರಲಿಲ್ಲ. ‘ಈಗ ಬೇಡ’ ಎನ್ನುವ ಮಾತಿನ ತೂಕವನ್ನು, ಒಮ್ಮೆಯಾದರೂ ನಡುರಾತ್ರಿ ಎದ್ದು ಕೆಟ್ಟ ಜಾಲವನ್ನು ಸರಿಪಡಿಸಿದವರು ಬೇಗ ಅರಿಯುತ್ತಾರೆ.

ನಮ್ಮ ಭಾಷೆಯ ಹಿತವೂ ಇಲ್ಲಿದೆ. ಹೈದರಾಬಾದಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ: ಕನ್ನಡದ ‘ಅ, ಆ, ಇ’ಗಳಿಗೂ ತೆಲುಗಿನ ‘ಅ, ಆ, ಇ’ಗಳಿಗೂ ಕಣ್ಣಿಗೆ ಕಾಣುವ ಭೇದ ಅತ್ಯಲ್ಪ, ಗಣಕಕ್ಕೋ ಅವು ಬೇರೆ ಬೇರೆ ಸಂಖ್ಯೆಗಳು. ಕನ್ನಡದ ಹೆಸರಿನಂತೆಯೇ ಕಾಣುವ ತೆಲುಗು ಲಿಪಿಯ ಹೆಸರನ್ನು ಮತ್ತೊಬ್ಬ ಪಡೆದು ಜನರನ್ನು ವಂಚಿಸದಂತೆ, ಮೂಲಪಟ್ಟಿಯ ನಿಯಮಗಳಲ್ಲಿ ಇಂಥ ಅಕ್ಷರಗಳನ್ನು ಒಂದರ ಪರ್ಯಾಯವಾಗಿ ಇನ್ನೊಂದೆಂದು ಗುರುತಿಸಬೇಕಾಯಿತು. ಲಿಪಿ ಬಲ್ಲವರೂ ಜಾಲ ಬಲ್ಲವರೂ ಒಟ್ಟಿಗೆ ಕುಳಿತಾಗಲೇ ಇದು ಸಾಧ್ಯ. ಹಾಗೆ ಸಿದ್ಧವಾದದ್ದನ್ನು ಮಂಡಳಿಯಲ್ಲಿ ಅರ್ಥಮಾಡಿಕೊಳ್ಳುವವರು ಬೇಡವೇ?

ಎಂಜಿನಿಯರರಿಗೆ ಯಂತ್ರ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆಂಗ್ಲಭಾಷೆಯ ಅಕ್ಷರಗಳೇ ಸಾಕೆಂದು ಮೊದಲು ನಿಯಮ ಬರೆದವರೂ ಎಂಜಿನಿಯರರೇ. ಆದ್ದರಿಂದ ಬರಿಯ ಪದವಿ, ಬರಿಯ ವರ್ಷಗಳ ಅನುಭವ ನನಗೆ ಸಾಲದು. ಅಭ್ಯರ್ಥಿಗೆ ಮೂರು ಪ್ರಶ್ನೆ ಕೇಳೋಣ: ನೀವು ಕಟ್ಟಿದ ಅಥವಾ ಕಾಯ್ದ ಜಾಲ ಯಾವುದು? ಕಾಣಬಾರದೆಂದ ಕಾಗದಪತ್ರವನ್ನು ಕೇಳಿ ನೋಡುವ ಎದೆಗಾರಿಕೆ ಇದೆಯೇ? ರೋಮನ್ ಲಿಪಿ ಬಾರದ ಅಜ್ಜಿಗೆ ನಿಮ್ಮ ನಿರ್ಧಾರವನ್ನು ವಿವರಿಸಬಲ್ಲಿರಾ? ಮೂರಕ್ಕೂ ನೇರ ಉತ್ತರ ಕೊಟ್ಟವರು ಯಾವ ದೇಶದವರಾದರೂ ನಮ್ಮವರೇ. ಕನ್ನಡಿಗರೆಂಬ ಒಂದೇ ಕಾರಣಕ್ಕೆ ಬೆಂಬಲ ಕೇಳಿದರೆ ನನ್ನದು ಅವರಿಗಲ್ಲ.

ಸಂಘಗಳಲ್ಲಿ ಬಾಳಿದ ನಮಗೆ ಈ ಪಾಠ ಪರಿಚಿತವೇ. ಅಧ್ಯಕ್ಷಪೀಠಕ್ಕೆ ಹಾರ ಹಾಕಿಸಿಕೊಳ್ಳುವವರು ಬಂದು ಹೋಗುತ್ತಾರೆ; ಸಂಘ ನಿಂತಿರುವುದು ಬೀಗ ತೆಗೆದು, ಕುರ್ಚಿ ಹಾಕಿ, ಜಮಾಖರ್ಚು ಬರೆದಿಟ್ಟವರಿಂದ. ಅವರನ್ನು ಸಮಿತಿಗೆ ಕರೆಯದ ಸಂಘಗಳು ಏನಾದವೆಂಬುದನ್ನು ನಾವು ಕಂಡಿದ್ದೇವೆ.

ಬಳಕೆದಾರರ ಸಂಘಟನೆಗಳು ಅರ್ಜಿ ಸಲ್ಲಿಸಿ ಐಕಾನ್‌ನ ಬಳಕೆದಾರ ಸಮುದಾಯದಲ್ಲಿ ಸ್ಥಾನ ಪಡೆಯಲು ಅವಕಾಶವಿದೆ. ನಮ್ಮ ಸಂಘ ಆ ಅರ್ಜಿಯನ್ನು ಸಲ್ಲಿಸಬೇಕೆಂದು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಸೂಚಿಸಲಿದ್ದೇನೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳ ಸೋದರ ಸಂಘಗಳೂ ಯೋಚಿಸಲಿ. ಅರ್ಜಿಯ ಮೇಲೆ ನಮ್ಮ ಕನ್ನಡ ವಿಳಾಸವನ್ನೇ ಬರೆಯೋಣ. ಅದನ್ನು ತಿರಸ್ಕರಿಸಿದರೆ, ಈ ಸಲ ಯಾವ ಬಾಗಿಲನ್ನು ತಟ್ಟಬೇಕೆಂಬುದು ನನಗೆ ಗೊತ್ತಿದೆ.