ಜಾತ್ರೆಯ ಅಂಗಡಿ ಮತ್ತು ಕೈಕೂಲಿಯ ಲೆಕ್ಕ

ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ಯಲ್ಲಮ್ಮ ಜಾತ್ರೆಯಂತಹ ಜಾತ್ರೆಗಳು ರಾಯಚೂರು ಸೀಮೆಯ ಜನರಿಗೆ ಭಕ್ತಿಯ ಸಂದರ್ಭವಾಗಿರುವಂತೆಯೇ ವ್ಯಾಪಾರದ ಸಂದರ್ಭವೂ ಹೌದು. ಬಳೆ, ಭಂಡಾರ, ಬೆಂಡು-ಬತ್ತಾಸುಗಳ ಸಾಲಿನ ಪಕ್ಕದಲ್ಲಿಯೇ ಬಿದಿರಿನ ಬುಟ್ಟಿ, ಮೊರ, ಮಡಕೆ, ಕಂಬಳಿ, ಕೌದಿಗಳನ್ನು ಹರವಿಕೊಂಡು ಕುಳಿತವರು ಇಂತಹ ಜಾತ್ರೆಗಳಲ್ಲಿ ಕಾಣಸಿಗುತ್ತಾರೆ. ತಯಾರಕನೇ ಮಾರಾಟಗಾರನೂ ಆಗಿರುವ ಈ ಅಂಗಡಿಯಲ್ಲಿ ದಲ್ಲಾಳಿಯಿಲ್ಲ, ಕಮಿಷನ್ ಇಲ್ಲ, ಉದ್ರಿಯಿಲ್ಲ. ವ್ಯಾಪಾರಶಾಸ್ತ್ರದ ದೃಷ್ಟಿಯಿಂದ ಇದು ಅತ್ಯಂತ ಲಾಭದಾಯಕವಾಗಬೇಕಾದ ವ್ಯವಸ್ಥೆ. ಆದರೂ ಜಾತ್ರೆ ಮುಗಿದ ಮೇಲೆ ಕುಶಲಕರ್ಮಿಯ ಕೈಯಲ್ಲಿ ಉಳಿಯುವುದು ಅತ್ಯಲ್ಪ. ಇದಕ್ಕೆ ಗಿರಾಕಿಯ ಚೌಕಾಸಿಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ನಿಜವಾದ ಕಾರಣವಿರುವುದು ಬೆಲೆ ಕಟ್ಟುವ ಕ್ರಮದಲ್ಲಿ.

ಒಂದು ಕೌದಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಟ್ಟೆ ಮತ್ತು ದಾರಕ್ಕೆ 350 ರೂ., ಹೊಲಿಗೆಗೆ ಆರು ದಿನ ಎಂದಿಟ್ಟುಕೊಳ್ಳೋಣ. ಬಾಡಿಗೆ ವಾಹನ, ಜಾಗದ ಸುಂಕ, ತಾಡಪತ್ರಿ, ದೀಪ, ಊಟ ಎಲ್ಲ ಸೇರಿ ಜಾತ್ರೆಯ ಖರ್ಚು 3,000 ರೂ. ಆಗಿ, ಹತ್ತು ಕೌದಿ ಮಾರಾಟವಾದರೆ ತಲಾ 300 ರೂ. ಬೀಳುತ್ತದೆ. ಎರಡು ಸಾವಿರ ಹೇಳಿದ ಕೌದಿ ಒಂದೂವರೆ ಸಾವಿರಕ್ಕೆ ಹೋಯಿತು. ಹೊಲಿದಾಕೆ 1,150 ರೂ. ಲಾಭವಾಯಿತೆಂದು ಭಾವಿಸುತ್ತಾಳೆ. ಆದರೆ ಜಾತ್ರೆಯ ಖರ್ಚನ್ನೂ ಕಳೆದರೆ ಉಳಿಯುವುದು 850 ರೂ.; ಆರು ದಿನಕ್ಕೆ ಹಂಚಿದರೆ ದಿನಕ್ಕೆ 142 ರೂ. ಸಹ ಇಲ್ಲ. 2025-26ನೇ ಸಾಲಿನಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂ. ಆ ದರದಲ್ಲಿ ಲೆಕ್ಕ ಹಾಕಿದರೆ ಅದೇ ಕೌದಿಯ ಅಸಲು 2,870 ರೂ. ಆಗುತ್ತದೆ. ಲಾಭವೆಂದು ತಿಳಿದದ್ದು ವಾಸ್ತವವಾಗಿ ಕೂಲಿಯ ಒಂದು ತುಣುಕು ಮಾತ್ರ.

ಕೌದಿ ಹೊಲಿಯುವುದು ಬಿಡುವಿನ ವೇಳೆಯ ಕೆಲಸ, ಅದಕ್ಕೆ ಪೂರ್ಣ ಕೂಲಿ ಹಿಡಿಯುವುದು ಸರಿಯಲ್ಲ ಎಂಬ ವಾದವುಂಟು. ಮನೆಯ ಉಪಯೋಗಕ್ಕೆ ಹೊಲಿದಾಗ ಈ ಮಾತು ಒಪ್ಪತಕ್ಕದ್ದೇ. ಮಾರಾಟಕ್ಕೆಂದು ಹತ್ತು ಕೌದಿ ಹೊಲಿಯುವಾಗ ಅದು ಬಿಡುವಿನ ಕೆಲಸವಾಗಿ ಉಳಿಯುವುದಿಲ್ಲ. ಕೂಲಿ ಗಿಟ್ಟದ ಕಸುಬನ್ನು ಮುಂದಿನ ಪೀಳಿಗೆ ಬಿಟ್ಟು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಈ ಭಾಗದಲ್ಲಿ ಎಲ್ಲರೂ ಬಲ್ಲ ಸಂಗತಿ. ಕಸುಬು ನಿಂತರೆ ಸರಕು ನಿಲ್ಲುತ್ತದೆ. ಸರಕು ನಿಂತರೆ ಅದನ್ನು ಕೊಂಡು ಮಾರುವ ಪೇಟೆಯ ವರ್ತಕನಿಗೂ ನಷ್ಟವೇ.

ಎರಡನೆಯ ತೊಡಕು ತೆರಿಗೆಯ ಭಯ. ಇದು ಬಹುಮಟ್ಟಿಗೆ ಅನಗತ್ಯ. ರಾಜ್ಯದೊಳಗೆ ಸರಕನ್ನು ಮಾತ್ರ ಮಾರುವವರಿಗೆ, ಕೆಲವು ಸರಕುಗಳನ್ನು ಹೊರತುಪಡಿಸಿ, ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟುವವರೆಗೆ ಜಿ.ಎಸ್.ಟಿ. ನೋಂದಣಿಯ ಅಗತ್ಯವಿಲ್ಲ, ಈ ಮಿತಿ 2019ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಾಯಚೂರಿನವರಿಗೆ ಗದ್ವಾಲ, ಮಂತ್ರಾಲಯಗಳು ಹತ್ತಿರವಾದರೂ ಅವು ಬೇರೆ ರಾಜ್ಯಗಳು. ಹೊರರಾಜ್ಯದ ಮೇಳದಲ್ಲಿ ತಾತ್ಕಾಲಿಕವಾಗಿ ಮಾರುವವರು ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಾಯಿಸಿಕೊಳ್ಳಬೇಕು. ಆದರೆ 2018ರ ಅಕ್ಟೋಬರ್‌ನ ಅಧಿಸೂಚನೆಯು ಅದರಲ್ಲಿ ಹೆಸರಿಸಿದ, ಪ್ರಧಾನವಾಗಿ ಕೈಯಿಂದಲೇ ತಯಾರಾದ ಕರಕುಶಲ ವಸ್ತುಗಳಿಗೆ ವಹಿವಾಟಿನ ಮಿತಿಯೊಳಗೆ ವಿನಾಯಿತಿ ನೀಡಿದೆ. ಇದಕ್ಕೆ ಪ್ಯಾನ್ ಹಾಗೂ ಇ-ವೇ ಬಿಲ್ ಇರಲೇಬೇಕು. ಸರಕಿನ ಮೌಲ್ಯ 50,000 ರೂ.ಗಿಂತ ಕಡಿಮೆಯಿದ್ದರೂ ಈ ಸಂದರ್ಭದಲ್ಲಿ ಇ-ವೇ ಬಿಲ್ ತಪ್ಪುವುದಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು.

ಮೂರನೆಯದು ಕೊಳ್ಳುವವರ ಹೊಣೆ. ಜಾತ್ರೆಯ ಕಡೆಯ ಸಂಜೆ ಮಾಲನ್ನು ಮರಳಿ ಹೊತ್ತೊಯ್ಯುವ ಖರ್ಚಿಗೆ ಅಂಜಿ ಕುಶಲಕರ್ಮಿಯು ಸಿಕ್ಕ ಬೆಲೆಗೆ ಸಗಟಾಗಿ ಕೊಟ್ಟುಬಿಡುವುದುಂಟು. ಆ ಬೆಲೆಯನ್ನೇ ಮುಂದಿನ ವರ್ಷದ ದರವೆಂದು ಹಿಡಿಯುವುದು, ಹಣವನ್ನು ತಿಂಗಳುಗಟ್ಟಲೆ ತಡೆಯುವುದು ದೂರದೃಷ್ಟಿಯ ವ್ಯಾಪಾರವಲ್ಲ. ಉದ್ಯಮ್ ನೋಂದಣಿ ಪಡೆದ ಕಿರು ಮತ್ತು ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕೆಂದು 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆ ವಿಧಿಸುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. 2023ರ ಹಣಕಾಸು ಕಾಯಿದೆಯು ಇದಕ್ಕೆ ಆದಾಯ ತೆರಿಗೆಯನ್ನೂ ಜೋಡಿಸಿತು: ಅವಧಿ ಮೀರಿದ ಬಾಕಿಯನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚಾಗಿ ತೋರಿಸಬಹುದು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಬುಟ್ಟಿ ಹೆಣೆಯುವವರು, ಕುಂಬಾರರು, ಚಮ್ಮಾರರು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ವ್ಯಾಪ್ತಿಗೂ ಬರುತ್ತಾರೆ.

ದೆಹಲಿಯಲ್ಲಿ 1994ರಲ್ಲಿ ಆರಂಭವಾದ ದಿಲ್ಲಿ ಹಾಟ್‌ನಲ್ಲಿ ಕುಶಲಕರ್ಮಿಗಳಿಗೆ ಹದಿನೈದು ದಿನಗಳ ಸರದಿಯ ಮೇಲೆ ಮಳಿಗೆ ದೊರೆಯುತ್ತದೆ. ಅಷ್ಟು ದೊಡ್ಡ ಏರ್ಪಾಡು ಇಲ್ಲಿ ಕೂಡಲೇ ಸಾಧ್ಯವಾಗದಿರಬಹುದು. ಆದರೆ ಜಿಲ್ಲೆಯ ವಾಣಿಜ್ಯೋದ್ಯಮ ಸಂಸ್ಥೆಗಳು ಮನಸ್ಸು ಮಾಡಿದರೆ ಜಾತ್ರೆಯಲ್ಲಿ ಕೈಕಸುಬಿನವರಿಗೆ ಒಂದು ಪ್ರತ್ಯೇಕ ಸಾಲು, ಉಳಿದ ಮಾಲನ್ನಿಡಲು ಸಮೀಪದಲ್ಲಿ ಒಂದು ಗೋದಾಮು, ಜಾತ್ರೆಗೆ ಒಂದು ತಿಂಗಳು ಮೊದಲು ಅಸಲು ಕಟ್ಟುವುದನ್ನು ಕಲಿಸುವ ಒಂದು ದಿನದ ಶಿಬಿರ, ಇಷ್ಟನ್ನು ಒದಗಿಸುವುದು ಅಸಾಧ್ಯವೇನಲ್ಲ. ಗೋದಾಮು ಒಂದಿದ್ದರೂ ಕಡೆಯ ಸಂಜೆಯ ಅಗ್ಗದ ಮಾರಾಟ ಬಹುಪಾಲು ತಪ್ಪುತ್ತದೆ.

ಕೈಕಸುಬಿನವರು ಕೋರುವುದು ಅನುಕಂಪದ ಬೆಲೆಯನ್ನಲ್ಲ, ಲೆಕ್ಕದ ಬೆಲೆಯನ್ನು. ತನ್ನ ಅಂಗಡಿಯ ಬಾಡಿಗೆ, ಆಳಿನ ಸಂಬಳ, ಬಂಡವಾಳದ ಬಡ್ಡಿಗಳನ್ನು ಸೇರಿಸದೆ ಯಾವ ವರ್ತಕನೂ ದರ ಹೇಳುವುದಿಲ್ಲ. ಅದೇ ನಿಯಮವನ್ನು ಜಾತ್ರೆಯಲ್ಲಿ ಕೌದಿ ಹರವಿ ಕುಳಿತವಳಿಗೂ ಅನ್ವಯಿಸುವುದು ನ್ಯಾಯವೂ ಹೌದು, ಜಾಣ ವ್ಯಾಪಾರವೂ ಹೌದು.